ಪುಟದ ಹಿಂದಿನವರು

ಆ ಹುಡುಗಿ ತನ್ನನ್ನು ಗುರುತು ಹಿಡಿದಿಲ್ಲವೆಂಬುದನ್ನು ಶಾಂತರಾಜು ನಂಬಲಿಲ್ಲ. ನರ್ಸಿಂಗ್ ಹೋಮಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವಳು ಕೌಂಟರಿನ ಹಿಂದಿನಿಂದ ತಲೆಯೆತ್ತಿ, “ಡಾಕ್ಟ್ರು ಇನ್ನೂ ಬಂದಿಲ್ಲ ಸಾ, ಕೂತಿರಿ,” ಎಂದು ಬೆಂಚಿನ ಕಡೆ ಕೈ ತೋರಿಸಿದಳು, ಅಷ್ಟೆ. ನಟಿಸುತ್ತಿದ್ದಾಳೆ ಅನ್ನಿಸಿತು ಅವನಿಗೆ. ಇಂಥವರಿಗೆ ಒಂದು ಕುರ್ಚಿ, ಒಂದು ಕಂಪ್ಯೂಟರು, ಕುತ್ತಿಗೆಗೊಂದು ಗುರುತಿನ ಚೀಟಿ ಸಿಕ್ಕಿಬಿಟ್ಟರೆ ಸಾಕು, ಕಂಡವರನ್ನೆಲ್ಲ ಬೆಂಚಿಗೆ ಕಳಿಸುವ ಗತ್ತು ಬಂದುಬಿಡುತ್ತದೆ. “ನಾನು ಪೇಷೆಂಟ್ ಅಲ್ಲ,” ಎಂದ, ಬೇಕಾದುದಕ್ಕಿಂತ ಗಟ್ಟಿಯಾಗಿ. “ಕಾಲೇಜಿನಿಂದ ಬಂದಿದ್ದೇನೆ. ವೆಬ್‌ಸೈಟ್ ನೋಡಬೇಕೆಂದು ಬಿಳಿಗಿರಿಯವರು ಹೇಳಿದ್ದಾರೆ.” ಬೆಂಚಿನ ಮೇಲಿದ್ದ ಗಂಡಂದಿರು ಒಮ್ಮೆ ಅವನತ್ತ ನೋಡಿ ಮತ್ತೆ ಗೋಡೆಯ ಮೇಲಿನ ಬಿಳಿ ಮಗುವಿನ ಚಿತ್ರಕ್ಕೆ ಕಣ್ಣು ಹೊರಳಿಸಿದರು. ಹೆಂಡತಿಯರು ಫೈಲುಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಎಲ್ಲರೂ ಪಕ್ಕದೂರಿನವರು ಕಂಡುಬಿಟ್ಟಾರೆಂದು ಕತ್ತು ತಗ್ಗಿಸಿದವರೇ. ಕತ್ತು ತಗ್ಗಿಸಿದರೆ ಕಾಣುವುದಿಲ್ಲ ಎಂದುಕೊಂಡಿರುವ ಈ ಜನದ ಬಗ್ಗೆ ಅವನಿಗೆ ಅಸಹ್ಯವಾಯಿತು. ಹುಡುಗಿ ಮಾತ್ರ ಎದ್ದು ನಿಂತು ತನ್ನ ಕುರ್ಚಿಯನ್ನೇ ಅವನ ಕಡೆ ಸರಿಸಿ, “ನೀವೇನಾ ಸಾ ಅದು? ಬನ್ನಿ ಬನ್ನಿ. ಬೆಳಗಿಂದ ನಿಮ್ಮುನ್ನೇ ಕಾಯ್ತಾ ಇವ್ನಿ. ನಾ ಕವಿತ ಅಂತ,” ಎಂದಳು.

ಕವಿತ. ಹೆಸರು ಅವನಿಗೆ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಎರಡು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ, ಇದೇ ಬಿಳಿ ಮಗುವಿನ ಎದುರು, ಅವನೂ ಕುಸುಮಳೂ ಕೂತಿದ್ದರು. ಯಳಂದೂರಿನಿಂದ ಮೈಸೂರಿಗೆ ಹೋಗಿ ತೋರಿಸಿಕೊಂಡು ಬರೋಣ ಎಂದು ಅವನು ಅಂದಿದ್ದಕ್ಕೆ, “ಕೊಳ್ಳೇಗಾಲದಲ್ಲೇ ಹೊಸದಾಗಿ ಆಗಿದೆಯಂತಲ್ಲ, ಅಷ್ಟು ದೂರ ಯಾಕೆ,” ಎಂದಿದ್ದಳು ಕುಸುಮ. ಅವಳು ಹೇಳಿದ್ದನ್ನು ಕೇಳಿದರೆ ಹೀಗೇ ಆಗುವುದು. ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಟಕಿಯಲ್ಲಿ ಕೊಟ್ಟು ಬಂದು, ಪತ್ರಿಕೆ ಅಗಲಿಸಿ ಮುಖಕ್ಕೆ ಹಿಡಿದು ಕೂತಿದ್ದ. ಆಗ ಈ ದನಿ. ಸಂತೆಯಲ್ಲಿ ಕೂಗುವ ಹಾಗೆ. “ಯಳಂದೂರು ಶಾಂತರಾಜು ಯಾರ್ರೀ? ನೀವು ಕೊಟ್ಟಿದ್ದು ಸಾಕಾಗ್ನಿಲ್ವಂತೆ, ಇನ್ನೊಂದಪ ಕೊಡ್ಬೇಕಂತೆ!” ಎದುರು ಬೆಂಚಿನಲ್ಲಿದ್ದ ಒಬ್ಬ ಮುದುಕ ಫಕ್ಕನೆ ನಕ್ಕ. ಮೂಲೆಯಲ್ಲಿದ್ದ ಯಾವನೋ, ತನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಆ ಗಳಿಗೆಗೇ ಅವನನ್ನು ಕಂಡುಹಿಡಿದು ಎದ್ದು ನಿಂತು ಕೈ ಮುಗಿದ. ಪತ್ರಿಕೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಶಾಂತರಾಜು ಹೊರಗೆ ನಡೆದುಬಿಟ್ಟಿದ್ದ. ಕುಸುಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಓಡಿ ಬಂದಿದ್ದಳು. ಬಸ್ಸಿನಲ್ಲಿ ಅವಳು ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳಿಗಿರುವ ತಾಳ್ಮೆಯನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

“ಇದೇ ಸಾ ಕಂಪ್ಯೂಟ್ರು. ಮೌಸು ಒಸಿ ಅಂಟ್ಕತದೆ,” ಎಂದಳು ಕವಿತ. ಅವನು ಕೂತ. ಅವಳ ಮೈಬಿಸಿ ಇನ್ನೂ ಆರದ ಕುರ್ಚಿ. ಬೆಳಿಗ್ಗೆ ಕಾಲೇಜಿನ ಸ್ಟಾಫ್ ರೂಮಿಗೇ ಬಂದು ಬಿಳಿಗಿರಿ ಹೇಳಿದ್ದು ಇಷ್ಟು. ಈತ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ, ಈ ನರ್ಸಿಂಗ್ ಹೋಮಿನ ಮಾಲೀಕ. ಅದಕ್ಕೂ ಮೊದಲು ರೇಷ್ಮೆಗೂಡಿನ ವ್ಯಾಪಾರ ಮಾಡಿಕೊಂಡಿದ್ದವನು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವಂತೆ ಮನುಷ್ಯರನ್ನೂ ನೋಡುತ್ತಾನೆ. “ಮೇಷ್ಟ್ರೇ, ಸತ್ತೇಗಾಲದ ಒಂದು ಹೆಣ್ಣು ಬಂದು ಗಲಾಟೆ ಮಾಡ್ತಾ ಅದೆ. ಮಕ್ಕಳಾಗೋ ಟ್ರೀಟ್‌ಮೆಂಟ್‌ಗೆ ಗಂಡ ಎಂಡ್ತಿ ಗುಟ್ಟಾಗಿ ಬರೋರು. ಈಗ ಅವಳತ್ತೆ ಫೋನ್‌ಗೆ ನಮ್ಮಾಸ್ಪತ್ರೆ ಜಾಹೀರಾತು ಬತ್ತಾ ಅವಂತೆ, ದಿನಾ. ಅತ್ತೆಗೆ ಅನ್ಮಾನ ಬಂದು ಬಾಯ್ಬುಡ್ಸವ್ಳೆ. ನಮ್ಮ ಕೌಂಟರ್ ಉಡ್ಗಿನೇ ಜಾಹೀರಾತಿನೋರ್ಗೆ ಅತ್ತೆ ನಂಬರ್ ಕೊಟ್ಟವ್ಳೆ ಅಂತ ಅವರ ವಾದ. ಆ ಉಡ್ಗಿ ನೋಡಿದ್ರೆ ನಾನಲ್ಲ, ವೆಬ್‌ಸೈಟ್‌ದೇ ಏನೋ ಇರ್ಬೇಕು ಅಂತವ್ಳೆ. ನೀವು ಕಂಪ್ಯೂಟ್ರು ಓದಿರೋರು. ಒಂದು ನೋಟ ನೋಡ್ಬುಡಿ.” ಮೇಷ್ಟ್ರು! ಕಂಪ್ಯೂಟರ್ ವಿಜ್ಞಾನ ವಿಭಾಗದ ಉಪನ್ಯಾಸಕನನ್ನು ಈತ ಇಡೀ ಸ್ಟಾಫ್ ರೂಮಿನ ಎದುರು ಮೇಷ್ಟ್ರು ಎನ್ನುತ್ತಾನೆ. ಕನ್ನಡ ವಿಭಾಗದವರು ತಲೆ ತಗ್ಗಿಸಿ ನಗುತ್ತಾರೆ. ಶಾಂತರಾಜು ಎದ್ದು ನಿಂತು, “ಆಗಲಿ ಸಾರ್,” ಎಂದಿದ್ದ. ಎದ್ದು ನಿಲ್ಲಬೇಕಾದ ಅಗತ್ಯವಿರಲಿಲ್ಲವೆಂದು ಹೊಳೆದದ್ದು ಬಿಳಿಗಿರಿ ಹೋದ ಮೇಲೆ.

ಸೈಟು ತೆರೆದುಕೊಂಡಿತು. ಅದೇ ಬಿಳಿ ಮಗು, ಇಲ್ಲೂ. ಕೆಳಗೆ ‘ನಿಮ್ಮ ಗೌಪ್ಯತೆಯೇ ನಮ್ಮ ಧರ್ಮ’ ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಒಂದು ಕೀಲಿ ಒತ್ತಿದರೆ ಪುಟ ಎರಡಾಗಿ ಸೀಳಿ, ಅದರ ಹೊಟ್ಟೆಯೊಳಗಿನದು ಪಕ್ಕದಲ್ಲಿ ಬಿಚ್ಚಿಕೊಳ್ಳುತ್ತದೆ. ಪುಟವನ್ನು ಮತ್ತೊಮ್ಮೆ ತೆರೆದರೆ ಅದು ಯಾರ್ಯಾರಿಗೆ ಸುದ್ದಿ ಕಳಿಸುತ್ತಿದೆಯೆಂದು ಸಾಲುಸಾಲಾಗಿ ಇಳಿಯುತ್ತದೆ. ಇದನ್ನು ಅವನು ವರ್ಷವರ್ಷವೂ ಕೊನೆಯ ತರಗತಿಯವರಿಗೆ ತೋರಿಸುತ್ತಿದ್ದ. ಮುಂದೆ ಕಾಣುವ ಪುಟ ನೋಡಬೇಡಿ, ಹಿಂದೆ ಇರುವವರನ್ನು ನೋಡಿ ಎನ್ನುತ್ತಿದ್ದ, ಅವರು ಆಕಳಿಸುತ್ತಿದ್ದರು. ಕವಿತ ಅವನ ಹೆಗಲ ಪಕ್ಕ ಬಗ್ಗಿ ನಿಂತು ಸಾಲುಗಳು ಇಳಿಯುವುದನ್ನೇ ನೋಡಿದಳು. ಅವಳ ತಲೆಗೂದಲಿನ ಹರಳೆಣ್ಣೆಯ ವಾಸನೆ ಬಂತು. “ಇವೆಲ್ಲ ಏನು ಸಾ, ಓಡ್ತಾ ಅವಲ್ಲ?” “ನಿನಗೆ ಅರ್ಥವಾಗುವಂಥದ್ದಲ್ಲಮ್ಮ,” ಎಂದ. ಅವಳು ಬೇಸರಪಡಲಿಲ್ಲ. “ಊಂ, ನಂಗೆಲ್ಲಿ ಅರ್ಥ ಆಯ್ತದೆ. ಆದ್ರೂ ಸಾ, ನಾ ಯಾರ್ ನಂಬರ್ನೂ ಯಾರ್ಗೂ ಕೊಟ್ಟಿಲ್ಲ ಕಣಿ. ಆ ಯಶೋದಕ್ಕ ಮೊದ್ಲೇ ಏಳಿದ್ರು, ನಮ್ಮತ್ತೆಗೆ ಗೊತ್ತಾಗ್ಬಾರ್ದು ಕಣವ್ವಾ ಅಂತ. ಸೇರಿದ ಒಸ್ದರಲ್ಲಿ ನಂಗೂ ಗೊತ್ತಾಯ್ತಿರ್ನಿಲ್ಲ ಸಾ, ಎಲ್ಲಾನೂ ಕೂಗ್ಬುಡ್ತಿದ್ದಿ. ಡಾಕ್ಟ್ರು ಬೈದ್ರು. ಆಮೇಲಿಂದ ಎಸ್ರೇ ಕೂಗಲ್ಲ, ತಾವ್ಕೇ ಓಗಿ ಕಿವೀಲಿ ಏಳ್ತೀನಿ.” ಹೇಳಿ, ಲೋಟದಲ್ಲಿ ಟೀ ತರಲು ಹೋದಳು.

ಬೈದರಂತೆ. ಯಾವಾಗ ಬೈದರು? ತನ್ನನ್ನು ಕೂಗುವ ಮುಂಚೆಯೋ ಆಮೇಲೋ? ಆಮೇಲೆಯೇ ಇರಬೇಕು. ತನ್ನನ್ನು ಕೂಗಿದ್ದಕ್ಕೇ ಬೈಸಿಕೊಂಡು ಅವಳು ಬುದ್ಧಿ ಕಲಿತಿರಬೇಕು ಎಂದು ಯೋಚಿಸುತ್ತ ಪರದೆಯ ಮೇಲೆ ಬೆರಳು ಓಡಿಸುತ್ತಿದ್ದವನಿಗೆ ಬೇಕಾದದ್ದು ಸಿಕ್ಕಿತು. ಹುಡುಕುವುದೇನಿತ್ತು, ಅದು ಎಲ್ಲಿರುತ್ತದೆಂದು ಅವನಿಗೆ ಗೊತ್ತೇ ಇತ್ತು. ಒಂದು ಜಾಹೀರಾತು ಕಂಪನಿಯ ಕೋಡಿನ ತುಣುಕು, ಪ್ರತಿ ಪುಟದ ತಲೆಯಲ್ಲೂ. ಮುಖಪುಟದಲ್ಲಿ, ಡಾಕ್ಟರ ಪರಿಚಯದ ಪುಟದಲ್ಲಿ, ‘ಗಂಡಸರ ಬಂಜೆತನ’ ಎಂಬ ಪುಟದಲ್ಲಿ, ಹೆಸರು ಬರೆದು ಸಮಯ ಕೇಳುವ ಪುಟದಲ್ಲಿ. ಯಾವ ಫೋನಿನಿಂದ ಯಾರು ಯಾವ ಪುಟ ತೆರೆದರು ಎಂಬುದನ್ನು ಅದು ಆ ಗಳಿಗೆಗೇ ಹೊರಗೆ ಕಳಿಸುತ್ತದೆ. ಮರುದಿನದಿಂದ ಆ ಫೋನು ಎಲ್ಲಿ ಹೋದರೂ ಬಿಳಿ ಮಗು ಹಿಂದೆ ಬರುತ್ತದೆ: ಅಡುಗೆ ವಿಡಿಯೋ ನಡುವೆ, ಭಜನೆ ನಡುವೆ, ಧಾರಾವಾಹಿ ನಡುವೆ. ಅದರ ಕೆಳಗೆ ಇನ್ನೆರಡು ತುಣುಕುಗಳು, ಇನ್ನೆರಡು ಕಂಪನಿಗಳವು. ಹನೂರಿನ ಮಣಿಕಂಠ ಈ ಸೈಟನ್ನು ಕಟ್ಟುವಾಗ ಶಾಂತರಾಜುವೇ ಅವನ ಪಕ್ಕದಲ್ಲಿ ಕೂತಿದ್ದ. ಮಣಿಕಂಠ ಹಳೆಯ ವಿದ್ಯಾರ್ಥಿ, ಹನೂರು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿ ಇಟ್ಟವನು. ಬಿಳಿಗಿರಿಗೆ ಅವನನ್ನು ತೋರಿಸಿಕೊಟ್ಟವನೂ ತಾನೇ. ಕುಸುಮಳ ಜೊತೆ ಬೆಂಚಿನ ಮೇಲೆ ಕೂತು ಬಂದ ಕೆಲವು ತಿಂಗಳ ಮೇಲಿನ ಮಾತು ಅದು. ಮಣಿಕಂಠ ಪುಟಪುಟಕ್ಕೂ ತುಣುಕು ಅಂಟಿಸುತ್ತ ಬಂದು ಒಂದು ಕಡೆ ನಿಲ್ಲಿಸಿ, “ಸಾ, ಈ ಪೇಜ್‌ಗೂ ಬೇಕಾ? ಇದು ಒಂಥರಾ... ಜನ ನಾಚ್ಕಳೋ ವಿಷ್ಯ ಅಲ್ವಾ?” ಎಂದಿದ್ದ. ಪುಟ ‘ಗಂಡಸರ ಬಂಜೆತನ’. ಶಾಂತರಾಜು ಆ ಶೀರ್ಷಿಕೆಯನ್ನು ನೋಡಿದ. ಬೆಂಚಿನಲ್ಲಿ ನಕ್ಕ ಮುದುಕ, ಕೈ ಮುಗಿದವನು, ಪತ್ರಿಕೆ ಮುಖಕ್ಕೆ ಹಿಡಿದುಕೊಂಡವರು, ಎಲ್ಲರೂ ಆ ಪುಟದೊಳಗೆ ಕತ್ತು ತಗ್ಗಿಸಿ ಕೂತಿರುವಂತೆ ಕಂಡಿತು. “ಅದಕ್ಕೇ ಮೊದಲು ಹಾಕು,” ಎಂದಿದ್ದ. “ಎಲ್ಲ ಪುಟಕ್ಕೂ ಹಾಕಯ್ಯ. ಕೇಳಬೇಡ.”

ಟೀ ಬಂತು, ಸಕ್ಕರೆ ಹೆಚ್ಚಾಗಿತ್ತು. ಕುಡಿಯದೆ ಎದ್ದು ಬಿಳಿಗಿರಿಯ ಕೋಣೆಗೆ ಹೋದ. ಬಿಳಿಗಿರಿ ಕಾಲು ಮಡಚಿ ಕುರ್ಚಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಈ ಮನುಷ್ಯನಿಗೆ ಇದನ್ನು ವಿವರಿಸುವುದು ಎಮ್ಮೆಗೆ ಕನ್ನಡಿ ತೋರಿಸಿದ ಹಾಗಾಗುತ್ತದೆ ಎಂದುಕೊಂಡೇ ಶಾಂತರಾಜು ಶುರು ಮಾಡಿದ. ಟ್ರ್ಯಾಕರ್ ಎಂದರೇನು, ಅದು ಏನನ್ನು ಕದ್ದು ನೋಡುತ್ತದೆ, ಹೇಗೆ ಬೆನ್ನು ಹತ್ತುತ್ತದೆ. ತನ್ನ ಮಾತು ತನಗೇ ಚೆನ್ನಾಗಿ ಕೇಳಿಸುತ್ತಿತ್ತು. ಬಿಳಿಗಿರಿ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕೇಳಿ, “ಅಂದ್ರೆ ನಮ್ಮ ಬಾಗ್ಲಲ್ಲಿ ಬಂದೋರ್ನೆಲ್ಲ ನೋಡ್ಕಂಡು ಇನ್ನೊಬ್ರಿಗೆ ಏಳೋ ಆಳ್ನ ನಾವೇ ಕೂರ್ಸಿವಿ ಅನ್ನಿ,” ಎಂದ. ಶಾಂತರಾಜುವಿಗೆ ಪೆಚ್ಚಾಯಿತು. ಅರ್ಧ ಗಂಟೆಯ ಪಾಠವೆಂದು ಅವನು ಎಣಿಸಿದ್ದು ಒಂದು ವಾಕ್ಯಕ್ಕೆ ಮುಗಿದಿತ್ತು. “ಹೌದು ಸಾರ್. ಹೆಚ್ಚುಕಡಿಮೆ ಹಾಗೇ.” “ಅದ ಕಿತ್ತಾಕುದ್ರೆ ಜನ ಬರಾದು ಕಮ್ಮಿ ಆಯ್ತದಾ?” “ಆಗಬಹುದು. ಜಾಹೀರಾತು ನೋಡಿಯೇ ಬರುವವರು ಇರುತ್ತಾರಲ್ಲ.” “ಅಂಗಾದ್ರೆ ಇರ್ಲಿ ಬುಡಿ,” ಎಂದು ಬಿಳಿಗಿರಿ ಅಂಗೈ ಒರೆಸಿಕೊಂಡ. “ಗಂಡ ಎಂಡ್ತಿ ಒರಗೇ ಅವ್ರೆ, ಕರಸ್ತೀನಿ. ವೆಬ್‌ಸೈಟಲ್ಲಿ ಏನೂ ಇಲ್ಲ ಅನ್ನಿ.” “ಮತ್ತೆ ಆ ಹುಡುಗಿ?” “ಯಾವ ಉಡ್ಗಿ?” ಎಂದ ಬಿಳಿಗಿರಿ. ಆಮೇಲೆ ನೆನಪಾದವನಂತೆ, “ಓ ಅವ್ಳಾ. ಇನ್ನೊಬ್ಳು ಸಿಕ್ತಾಳೆ ಬುಡಿ.”

ಬಿಳಿಗಿರಿ ಹೆದರಿಸಿದ್ದರೆ ಚೆನ್ನಾಗಿರುತ್ತಿತ್ತು. ಕಾಲೇಜಿನ ಕೆಲಸದ ಮಾತು ತೆಗೆದಿದ್ದರೆ, ಕಾಯಂ ಆಗಬೇಕೋ ಬೇಡವೋ ಎಂದು ಕಣ್ಣು ಕಿರಿದು ಮಾಡಿ ನೋಡಿದ್ದರೆ, ಶಾಂತರಾಜು ಸಿಟ್ಟಾಗಬಹುದಿತ್ತು. ಮಲೆತು ನಿಂತ ತನ್ನನ್ನು ತಾನೇ ಸ್ವಲ್ಪ ಹೊತ್ತು ನೋಡಿಕೊಳ್ಳಬಹುದಿತ್ತು. ಬಿಳಿಗಿರಿ ಏನೂ ಮಾಡಲಿಲ್ಲ. ಇನ್ನೊಂದು ಕಡಲೆಕಾಯಿ ತೆಗೆದುಕೊಂಡ. ಹೇಳಿದರೆ ಈತ ಮಾಡುತ್ತಾನೆ ಎಂಬುದು ಅವನಿಗೆ ಎಷ್ಟು ಸಹಜವಾಗಿತ್ತೆಂದರೆ, ಒಪ್ಪಿಗೆ ಇದೆಯೋ ಇಲ್ಲವೋ ಎಂದೂ ಅವನು ಕೇಳಲಿಲ್ಲ. ಈ ಗೂಡಿನ ವ್ಯಾಪಾರಿಯನ್ನು ತಾನು ಎಷ್ಟು ಕೀಳಾಗಿ ಕಾಣುತ್ತೇನೆಂಬುದು ಇವನಿಗೆ ಎಂದಾದರೂ ತಿಳಿದೀತೆ? ಯಾವತ್ತೂ ತಿಳಿಯುವುದಿಲ್ಲ, ಏಕೆಂದರೆ ಇವನ ಎದುರು ತಾನು ಸದಾ ಎದ್ದು ನಿಂತಿರುತ್ತೇನೆ. ಈಗಲೂ ನಿಂತೇ ಇದ್ದೇನೆ. ಎದುರಿಗೇ ಖಾಲಿ ಕುರ್ಚಿ ಇದೆ, ಕೂರು ಎಂದು ಯಾರೂ ಅಂದಿಲ್ಲ.

ಯಶೋದ ಮುಂದೆ ಬಂದಳು, ಅವಳ ಗಂಡ ಶಿವರಾಜು ಹಿಂದೆ. ಅವಳು ಗಟ್ಟಿಮುಟ್ಟಾದ ಹೆಂಗಸು, ಕಣ್ಣು ಅತ್ತು ಕೆಂಪಾಗಿದ್ದರೂ ಗದ್ದ ಮೇಲೆತ್ತಿದ್ದಳು. ಗಂಡ ಒಗೆದು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಕಿಟಕಿಯ ಹೊರಗೆ ನಿಂತಿದ್ದ ಸ್ಕೂಟರುಗಳ ಕಡೆ ನೋಡುತ್ತ ನಿಂತ. ಕವಿತ ಬಾಗಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ. “ಇವ್ರು ಒಪ್ಪೋದೇ ಕಷ್ಟ ಇತ್ತು ಸಾ,” ಎಂದಳು ಯಶೋದ, ಶಾಂತರಾಜುವನ್ನೇ ಡಾಕ್ಟರೆಂದು ತಿಳಿದವಳಂತೆ. “ಯಾರ್ಗೂ ಗೊತ್ತಾಗಕಿಲ್ಲ ಅಂತ ಆಣೆ ಮಾಡಿ ಕರ್ಕಬಂದಿದ್ದಿ. ತೊಂದ್ರೆ ಇವ್ರಲ್ಲೇ ಇರೋದು ಅಂತ ಡಾಕ್ಟ್ರು ಅಂದ್ರು, ಔಷ್ದಿಲಿ ಸರಿ ಆಯ್ತದೆ ಅಂತ್ಲೂ ಅಂದ್ರು. ಈಗ ಅತ್ತೆ ಊರೆಲ್ಲ ಏಳ್ಕಂಡು ಬಂದವ್ಳೆ. ಇವ್ರು ಔಷ್ದಿ ಎತ್ತಿ ನಾಲೆಗೆ ಎಸದ್ಬುಟ್ರು. ನನ್ನ ಕೂಡೆ ಮಾತೇ ಆಡಲ್ಲ.” “ಯಶೋದಾ,” ಎಂದ ಶಿವರಾಜು, ಕಿಟಕಿಯಿಂದ ತಿರುಗದೆ. ಅವನ ಕಿವಿಯ ತುದಿ ಕೆಂಪಾಗಿತ್ತು. ಆ ಕಿವಿಯಿಂದ ಶಾಂತರಾಜುವಿಗೆ ಕಣ್ಣು ಕೀಳಲಾಗಲಿಲ್ಲ. ಕರುಣೆಯಲ್ಲ ಅದು. ಇವನು ತನ್ನ ಹಾಗೇ ನಿಂತಿದ್ದಾನೆ, ಇವನಿಗೂ ತನಗೂ ಏನೂ ವ್ಯತ್ಯಾಸವಿಲ್ಲ ಎಂಬ ಸಿಟ್ಟು. ಹೊಲದಲ್ಲಿ ಕೆಲಸ ಮಾಡುವವನಿಗೆ ಇಷ್ಟೊಂದು ನಾಚಿಕೆ ಯಾಕೆ? ಔಷಧಿ ನಾಲೆಗೆ ಎಸೆದನಂತೆ. ಮೂರ್ಖ. ತಾನಾದರೂ ಏನನ್ನೂ ಎಸೆದಿರಲಿಲ್ಲ; ಎಸೆಯುವುದಕ್ಕೆ ಬೇಕಾದದ್ದನ್ನು ತರುವುದಕ್ಕೂ ಹೋಗಿರಲಿಲ್ಲ.

“ನೋಡವ್ವಾ, ಇವ್ರು ನಮ್ಮ ಕಾಲೇಜ್ ಮೇಷ್ಟ್ರು. ವೆಬ್‌ಸೈಟ್ ಎಲ್ಲಾ ಜಾಲಾಡ್ಸವ್ರೆ. ಕೇಳು,” ಎಂದ ಬಿಳಿಗಿರಿ. ಯಶೋದ ಅವನ ಕಡೆ ಒಂದು ಹೆಜ್ಜೆ ಬಂದಳು. “ಸಾ, ಒಂದು ಮಾತು ಕೇಳ್ಲಾ? ನನ್ನ ಫೋನಲ್ಲಿ ನೆಟ್ ಮುಗ್ದೋಗಿತ್ತು, ಒಂದಪ ಅತ್ತೆ ಫೋನಲ್ಲಿ ಈ ಆಸ್ಪತ್ರೆದು ತಗ್ದು ನೋಡಿದ್ದಿ. ನೋಡಿ ಆದ್ಮೇಲೆ ಎಲ್ಲಾ ಅಳ್ಸಾಕಿದ್ದಿ. ಅದ್ರಿಂದ ಏನಾರ ಆಗಿದ್ದದಾ ಸಾ?” ಉತ್ತರವನ್ನು ಅವಳೇ ಬಿಡಿಸಿ ಅವನ ಕೈಗೆ ಇಟ್ಟುಬಿಟ್ಟಿದ್ದಳು. ಅವನು ಹೂಂ ಎಂದರೆ ಸಾಕಿತ್ತು. ಬಾಗಿಲ ಹತ್ತಿರ ಕವಿತ ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು. ಈಗ ನೋಡುತ್ತಾಳೆ, ಎಂದುಕೊಂಡ. ಈಗ ಇವಳಿಗೆ ನಾನು ಕಾಣುತ್ತೇನೆ. ಆ ಯೋಚನೆ ಬಂದ ಕೂಡಲೇ ಅವನ ದನಿ ನಿಧಾನವಾಯಿತು, ತರಗತಿಯಲ್ಲಿ ಆಗುವ ಹಾಗೆ. “ಇಲ್ಲಮ್ಮ. ವೆಬ್‌ಸೈಟ್ ಪೂರ್ತಿ ಪರೀಕ್ಷೆ ಮಾಡಿದ್ದೇನೆ. ಅದರಲ್ಲಿ ಯಾರ ಹೆಸರಾಗಲಿ ಫೋನ್ ನಂಬರಾಗಲಿ ಹೊರಗೆ ಹೋಗುವುದಿಲ್ಲ.” ಮಾತು ಮಾತಾಗಿ ನೋಡಿದರೆ ಅದು ಸುಳ್ಳೂ ಅಲ್ಲ. ಹೆಸರು ಹೋಗುವುದಿಲ್ಲ. ನಂಬರೂ ಹೋಗುವುದಿಲ್ಲ. ಹೋಗುವುದು ಬೇರೆ.

“ಆಯ್ತಲ್ಲ,” ಎಂದ ಬಿಳಿಗಿರಿ. “ಕವಿತಾ, ನಿನ್ನ ಸಾಮಾನು ಏನದೆ ತಕಂಡು ಓಗವ್ವ.” ಅಷ್ಟಕ್ಕೇ ಶಿವರಾಜು ಕಿಟಕಿಯಿಂದ ತಿರುಗಿ, ಮೊದಲ ಸಲ ಯಾರದೋ ಮುಖವನ್ನು ನೇರವಾಗಿ ನೋಡಿದ. “ಥೂ. ನೀನೂ ಒಂದು ಎಣ್ಣಾ?” ಎಂದ ಕವಿತಳಿಗೆ. ಅವಳ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. “ಅಣ್ಣಾ, ನಾನಲ್ಲ,” ಎಂದಳು. “ಸಾ, ಓಡ್ತಾ ಇದ್ವಲ್ಲ ಸಾ ಅದ್ರಲ್ಲಿ, ಸಾಲ್‌ಸಾಲಾಗಿ? ಅವೇನು ಸಾ ಅಂಗಾರೆ?” ಶಾಂತರಾಜು ಬಿಳಿಗಿರಿಯ ಮೇಜಿನ ಮೇಲಿನ ಸಿಪ್ಪೆಯ ಗುಡ್ಡೆಯನ್ನು ನೋಡಿದ. “ಅವು ಎಲ್ಲ ವೆಬ್‌ಸೈಟಲ್ಲೂ ಇರುತ್ತವೆ,” ಎಂದ. ಅದೂ ಸುಳ್ಳಲ್ಲ.

ಹೊರಗೆ ಬಂದಾಗ ನಾಲ್ಕರ ಬಿಸಿಲು ರಸ್ತೆಯನ್ನು ಬೆಳ್ಳಗೆ ಸುಡುತ್ತಿತ್ತು. ನಡೆಯುತ್ತ ಅವನು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ಉಗಿದ. ಕಡಲೆಕಾಯಿ ತಿನ್ನುವ ಬಿಳಿಗಿರಿ. ಅತ್ತೆಯ ಫೋನಿನಲ್ಲಿ ಆಸ್ಪತ್ರೆ ಹುಡುಕುವ ಯಶೋದ, ಬುದ್ಧಿ ಬೇಡವೆ? ಬಿಳಿ ಶರಟಿನ ಶಿವರಾಜು. ಊರೆಲ್ಲ ಸಾರಿಕೊಂಡು ಬಂದ ಆ ಅತ್ತೆ. ಪ್ರತಿಯೊಬ್ಬರದೂ ತಪ್ಪಿತ್ತು, ಅಲ್ಲಲ್ಲೇ ಸರಿಯಾಗಿ ಕೂರುವ ತಪ್ಪು. ಆ ಹುಡುಗಿಯದು ಮಾತ್ರ ಕೂರುತ್ತಿರಲಿಲ್ಲ. ಕೂಗಿದ್ದಳಲ್ಲ, ಅಂದು, ಸಂತೆಯಲ್ಲಿ ಕೂಗುವ ಹಾಗೆ, ಎಂದು ಅದನ್ನು ಎತ್ತಿ ಇಟ್ಟ, ಜಾರಿತು. ಮತ್ತೆ ಇಟ್ಟ. ಬಸ್ ಸ್ಟ್ಯಾಂಡಿಗೆ ಬಂದಾಗ ಅವಳು ಹನೂರಿನ ಬಸ್ಸು ನಿಲ್ಲುವ ಕಡೆ ಕಂಬಕ್ಕೆ ಒರಗಿ ನಿಂತಿದ್ದಳು. ಕಾಲ ಹತ್ತಿರ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಊಟದ ಡಬ್ಬಿ, ಛತ್ರಿ, ಕೌಂಟರಿನಲ್ಲಿ ಹಾಕಿಕೊಳ್ಳುತ್ತಿದ್ದ ಸ್ವೆಟರು. ಅಳುತ್ತಿರಲಿಲ್ಲ. ಯಳಂದೂರಿನ ಬಸ್ಸು ಆಚೆ ಕೊನೆಯಲ್ಲಿ ನಿಂತಿತ್ತು. ಅಲ್ಲಿಗೆ ಅವಳನ್ನು ದಾಟಿ ಹೋಗಬೇಕಿರಲಿಲ್ಲ. ಆದರೂ ಅವನು ಆ ಕಡೆಗೇ ನಡೆದ. ಅವಳು ಬೈಯಲಿ ಎಂದುಕೊಂಡ. ಬೈದರೆ ಅರ್ಥವಾಗುತ್ತದೆ, ಎಲ್ಲ ನೆನಪಿಟ್ಟುಕೊಂಡೇ ಇದ್ದಳೆಂದು.

“ಬಸ್ ಇನ್ನೂ ಬಂದಿಲ್ಲ ಸಾ,” ಎಂದಳು, ಅವನೂ ಹನೂರಿಗೇ ಹೊರಟವನೆಂಬಂತೆ. “ನಾನು ಯಾರು ಅಂತ ಗೊತ್ತಾ ನಿನಗೆ?” ಎಂದು ಕೇಳಿದ. ಅವಳು ನೋಡಿದಳು. “ಕಾಲೇಜ್ ಮೇಷ್ಟ್ರಲ್ವಾ? ಬಿಳಿಗಿರಿ ಸಾರ್ ಅಂದ್ರಲ್ಲ.” “ಅದಲ್ಲ. ಮೊದಲು. ಎರಡು ವರ್ಷದ ಹಿಂದೆ ನಾನು ನಿಮ್ಮ ಆಸ್ಪತ್ರೆಗೆ ಬಂದಿದ್ದೆ. ನನ್ನ ಹೆಂಡತಿಯ ಜೊತೆ. ನೀನು ನನ್ನ ಹೆಸರು ಕೂಗಿದೆ.” “ಅಂಗಾ?” ಎಂದಳು. ಅವನ ಮುಖದಲ್ಲಿ ಏನನ್ನೋ ನಿಜವಾಗಿಯೂ ಹುಡುಕಿದಳು. ಹುಬ್ಬು ಗಂಟಿಕ್ಕಿ, ಬಾಯಿ ಅರೆ ತೆರೆದು. ಆಮೇಲೆ ತಲೆಯಾಡಿಸಿದಳು. “ಇಲ್ಲ ಸಾ. ದಿನಾ ಅಷ್ಟೊಂದು ಜನ ಬತ್ತರೆ. ಯಾರ ಮುಖ ಅಂತ ನೆಪ್ಪಲ್ಲಿ ಮಡಿಕಳದು?” ಅವಳ ಕಣ್ಣಲ್ಲಿ ನಟನೆ ಇರಲಿಲ್ಲ. ಏನೂ ಇರಲಿಲ್ಲ. ಎರಡು ವರ್ಷ ಅವನು ಬಸ್ಸಿನಲ್ಲಿ, ತರಗತಿಯಲ್ಲಿ, ಕುಸುಮಳ ಪಕ್ಕ ಮಲಗಿ ತಿರುವಿ ತಿರುವಿ ನೋಡುತ್ತಿದ್ದ ಆ ಗಳಿಗೆ ಈ ಹುಡುಗಿಯ ತಲೆಯಲ್ಲಿ ಒಂದು ಸಾಸಿವೆಯಷ್ಟೂ ಜಾಗ ಹಿಡಿದಿರಲಿಲ್ಲ. “ವೆಬ್‌ಸೈಟಿನಿಂದಲೇ ಆಗಿದ್ದು ಅದು,” ಎಂದುಬಿಟ್ಟ. ಒಳ್ಳೆಯತನದಿಂದ ಅಂದದ್ದಲ್ಲವೆಂದು ಅನ್ನುವಾಗಲೇ ಅವನಿಗೆ ತಿಳಿದಿತ್ತು. ತಾನು ಇವಳಿಗೆ ಏನಾದರೂ ಆಗಬೇಕಿತ್ತು, ಈ ಕ್ಷಣವೇ. “ನಿನ್ನ ತಪ್ಪಲ್ಲ. ಆಕೆ ಅತ್ತೆಯ ಫೋನಲ್ಲಿ ಸೈಟು ತೆರೆದಳಲ್ಲ, ಆಗ ಅದರ ಹಿಂದಿರುವ ಕಂಪನಿಗೆ ಆ ಫೋನಿನ ಗುರುತು ಹೋಯಿತು. ಆಮೇಲೆ ಅದಕ್ಕೇ ಜಾಹೀರಾತು ಬರಲು ಶುರುವಾಯಿತು. ಆಕೆ ಅಳಿಸಿದರೂ ಅಲ್ಲಿ ಅಳಿಸುವುದಿಲ್ಲ.”

ಕವಿತ ಕಂಬ ಬಿಟ್ಟು ನೆಟ್ಟಗೆ ನಿಂತಳು. “ಮತ್ತೆ ಅಲ್ಲಿ ಯಾಕೆ ಏಳ್ನಿಲ್ಲ?” ಎನ್ನುತ್ತಲೇ ರವಿಕೆಯೊಳಗಿಂದ ಫೋನು ತೆಗೆದು ಅವನ ಮುಖದೆದುರು ಹಿಡಿದಳು. ಸೀಳು ಬಿಟ್ಟ ಗಾಜು. “ಈಗ ಏಳಿದ್ನೇ ಇನ್ನೊಂದಪ ಏಳಿ ಸಾ.” “ಏನಿದು? ರೆಕಾರ್ಡ್ ಮಾಡ್ತೀಯಾ?” “ಊಂ. ಯಶೋದಕ್ಕುಂಗೆ ಕಳ್ಸದು. ನಾ ಏಳಿದ್ರೆ ಯಾರು ನಂಬ್ತರೆ? ನೀವು ಓದಿರೋರು.” ಪಕ್ಕದಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತಿದ್ದ ಒಬ್ಬಾಕೆ ಕತ್ತು ಚಾಚಿ ನೋಡಿದಳು. ಕಂಡಕ್ಟರೊಬ್ಬ ನಿಂತ. ಓಡಿಹೋಗಬಹುದಿತ್ತು. ಆದರೆ ಫೋನಿನ ಆ ಸಣ್ಣ ಕಣ್ಣಿನ ಎದುರು, ತಾನು ಓದಿರುವವನು ಎಂದು ಯಾರೋ ನಂಬಿ ನಿಂತಿರುವಾಗ, ಶಾಂತರಾಜುವಿನ ಬೆನ್ನು ತಾನಾಗಿ ನೆಟ್ಟಗಾಯಿತು. ಹೇಳಿದ. ಚೆನ್ನಾಗಿಯೇ ಹೇಳಿದ, ತರಗತಿಯಲ್ಲೂ ಇಷ್ಟು ಬಿಡಿಸಿ ಯಾವತ್ತೂ ಹೇಳಿರಲಿಲ್ಲ. ಬಾಳೆಗೊನೆಯಾಕೆಯೂ ಹೌದೌದು ಎಂದು ತಲೆದೂಗಿದಳು. ಇದು ಇಷ್ಟು ಸುಲಭವಿತ್ತಲ್ಲ ಎಂದು ಅವನಿಗೆ ಎದೆ ಹಗುರಾಯಿತು. ತನ್ನಲ್ಲೂ ಒಬ್ಬ ಘನವಾದ ಮನುಷ್ಯ ಇದ್ದಾನೆ, ಅವನಿಗೆ ಒಂದು ಅವಕಾಶ ಬೇಕಿತ್ತು ಅಷ್ಟೆ ಎನ್ನಿಸಿತು. ಆಗ ಕವಿತ, ಫೋನು ಇಳಿಸದೆ, ಸರಳವಾಗಿ ಕೇಳಿದಳು: “ಅದ ಅಲ್ಲಿ ಮಡಗ್ದೋರು ಯಾರು ಸಾ?”

“ಮಣಿಕಂಠ ಅಂತ,” ಎಂದ ಶಾಂತರಾಜು. “ಹನೂರಿನವನು. ಸೈಟು ಮಾಡಿದವನೇ ಅವನು.” ಒಂದು ಚೂರೂ ತಡವರಿಸಲಿಲ್ಲ. ಮಾತು ಬಾಯಿಂದ ಆಚೆ ಹೋದ ಮೇಲೆ ಅದನ್ನು ಹೇಳಿದವನು ಯಾರೆಂದು ಅವನು ಒಳಗೆ ತಡಕಿ ನೋಡಿದ. ಆಗತಾನೇ ಕಂಡಿದ್ದ ಆ ಘನವಾದ ಮನುಷ್ಯನೇ. ಕವಿತ ಫೋನು ಇಳಿಸಿದಳು. “ಅಂಗಡಿ ಮಡಗವ್ನಲ್ಲ, ಬಸ್ ಸ್ಟ್ಯಾಂಡ್ ತಾವ, ಅಂವನಾ? ನನ್ನ ಫೋನ್ ಅಂವನೇ ರಿಪೇರಿ ಮಾಡ್ಕೊಟ್ಟಿದ್ದ. ಒಳ್ಳೇವ್ನು ಅನ್ಕಂಡಿದ್ದಿ.” ಹನೂರಿನ ಬಸ್ಸು ಬಂತು. ಅವಳು ನುಗ್ಗಿ ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ಬಸ್ಸು ಹೊರಡುವ ಮೊದಲೇ ಫೋನು ಕಿವಿಗಿಟ್ಟುಕೊಂಡಿದ್ದಳು. “ಊ ಕಣಕ್ಕ, ಕಳ್ಸಿವ್ನಿ ನೋಡಿ. ಅಳ್ಬೇಡಿ. ಅಣ್ಣುಂಗೂ ತೋರ್ಸಿ, ಬಿಳಿಗಿರಿ ಸಾರ್‌ಗೂ ತೋರ್ಸಿ. ನಿಮ್ಮತ್ತೆಗೂ ತೋರ್ಸಿ.” ಕೆಳಗೆ ನಿಂತಿದ್ದ ಅವನ ಕಡೆ ತಿರುಗಲಿಲ್ಲ. ಬಿಳಿಗಿರಿಗೂ ಎಂಬ ಮಾತು ಅವನಿಗೆ ಬಸ್ಸು ಮರೆಯಾದ ಮೇಲೆ ಕೇಳಿಸಿತು. ಸೋಮವಾರ ಸ್ಟಾಫ್ ರೂಮಿನಲ್ಲಿ ಏನಾಗಬಹುದೆಂದು ಯೋಚಿಸುತ್ತ ಯಳಂದೂರಿನ ಬಸ್ಸಿಗೆ ಹೋಗಿ ಕೂತ. ಆ ಹುಡುಗಿ ಬಲವಂತ ಮಾಡಿದಳು ಎನ್ನಬಹುದು. ಮಣಿಕಂಠ ಮೋಸ ಮಾಡಿದ ಎನ್ನಬಹುದು. ಹೇಳಬಹುದಾದದ್ದು ಬೇಕಾದಷ್ಟಿತ್ತು.

ಮನೆಯಲ್ಲಿ ಕುಸುಮ ನಡುಮನೆಯ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಕುರ್ಚಿಗೆ ಕುಕ್ಕರಿಸಿ ಬೂಟು ಬಿಚ್ಚುತ್ತಿದ್ದಾಗ ಫೋನು ಬಂತು. ಮಣಿಕಂಠ. ಎತ್ತಬಾರದೆಂದುಕೊಂಡ, ಕುಸುಮ ತಲೆಯೆತ್ತಿ ನೋಡಿದ್ದರಿಂದ ಎತ್ತಿದ. “ಸಾ, ನಮಸ್ಕಾರ. ಊಟ ಆಯ್ತಾ ಸಾ?” ಎಂದಿತು ಆ ದನಿ, ಎಂದಿನ ವಿನಯದಲ್ಲೇ, ಆದರೆ ಉಸಿರು ಸಿಕ್ಕದವನ ಹಾಗೆ. “ನಮ್ಮೂರ ಗ್ರೂಪ್‌ಗೆ ಏನೋ ವಿಡಿಯೋ ಬಂದದೆ ಸಾ, ಬಿಳಿಗಿರಿ ಸಾರ್ ಆಸ್ಪತ್ರೆದು. ಅಂಗ್ಡಿ ತಾವ ನಾಕೈದು ಜನ ಬಂದು ನಿಂತವ್ರೆ. ಎಣ್ಮಕ್ಕಳ ಗುಟ್ಟು ಮಾರ್ಕಂಡೆ ಅಂತವ್ರೆ. ಸಾ, ಅವತ್ತು ನಾನು ಆ ಪೇಜ್‌ಗೆ ಬೇಡ ಅಂದೆ ಅಲ್ವಾ? ನೀವೇ ಆಕು ಅಂದಿದ್ದು. ನಿಮಗೆ ಮರ್ತೋಗಿರ್ಬೇಕು. ಇವ್ರಿಗೆ ಒಂದು ಮಾತು ಏಳ್ಬುಡಿ ಸಾ, ಫೋನ್ ಕೊಡ್ತೀನಿ.” ಹಿಂದೆ ಗಂಡಸರ ದನಿಗಳು. ಯಾರೋ ಗಾಜು ಬಡಿದ ಸದ್ದು. ಮಣಿಕಂಠ ಮತ್ತೆ, “ಸಾ? ಒಂದೇ ಮಾತು ಸಾ.”

“ಹಲೋ,” ಎಂದ ಶಾಂತರಾಜು. ಎದ್ದು ನಿಂತ. “ಹಲೋ? ಯಾರು? ಏನೂ ಕೇಳ್ತಾ ಇಲ್ಲ ಕಣಯ್ಯ. ಹಲೋ? ಏನೂ ಕೇಳಿಸ್ತಾ ಇಲ್ಲ.”

ಕುಸುಮ ಬಿಡಿಸುತ್ತಿದ್ದ ಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಅವನ ಮುಖ ನೋಡಿದಳು.

“ನಂಗೇ ಇಲ್ಲಿಗೆ ಕೇಳಿಸ್ತಾ ಇದೆಯಲ್ರೀ,” ಎಂದಳು.